ನಾನು ಕತ್ತರಿಸಿ ಬಿಸಾಡಿದ 2 ನಿಮಿಷ 41 ಸೆಕೆಂಡ್: ಆ ವಿಡಿಯೊ ನೋಡಿ ನಕ್ಕವರಿಗೆ ಒಂದು ಬಹಿರಂಗ ಪತ್ರ

ಮೀಮ್ ಪೇಜ್ ನಡೆಸುವ ಗೆಳೆಯರಿಗೆ, ವಿಡಿಯೊ ಆ್ಯಪ್ ನಡೆಸುವ ಕಂಪನಿಗಳಿಗೆ, ಆ ವಿಡಿಯೊ ನೋಡಿ ನಕ್ಕು ಇನ್ನೊಬ್ಬರಿಗೆ ಕಳಿಸಿದ ಎಲ್ಲರಿಗೆ,

ನಮಸ್ಕಾರ.

ಸಿಗ್ನಲ್‌ನಲ್ಲಿ ಕಾರಿನಿಂದ ಇಳಿದು ಬಂದು, ಮುಂದಿನ ಕಾರಿನ ಬಾನೆಟ್ ಮೇಲೆ ಅಂಗೈಯಿಂದ ಬಡಿದು, ಬೆರಳು ತೋರಿಸಿ ಕೂಗಾಡುವ ನಡುವಯಸ್ಸಿನ ಒಬ್ಬರ ವಿಡಿಯೊವನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಕೂಗುತ್ತಾ ಕೂಗುತ್ತಾ ಕೊನೆಯ ಪದಕ್ಕೆ ಬಂದಾಗ ಅವರ ಗಂಟಲು ಒಡೆಯುತ್ತದೆ. ಆ ಪದ ನಿಮಗೆ ಬಾಯಿಪಾಠ ಆಗಿರಬಹುದು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಧ್ವನಿಯಲ್ಲೇ ಕೇಳಿಸುತ್ತದೆ, ಆಮೇಲೆ ಈ ಪತ್ರವನ್ನು ಯಾರೂ ಓದುವುದಿಲ್ಲ.

ಆ ವಿಡಿಯೊ ಹಾಕಿದವನು ನಾನು. ಅವರು ಬಡಿದಿದ್ದು ನನ್ನ ಕಾರಿಗೆ.

ನೀವು ನೋಡಿದ್ದು 19 ಸೆಕೆಂಡ್. ನನ್ನ ಹತ್ರ ಇರುವ ಫೈಲ್ 3 ನಿಮಿಷದ್ದು. ಡ್ಯಾಶ್‌ಕ್ಯಾಮ್, ಅಂದರೆ ಕಾರಿನೊಳಗಿಂದ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ, ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಕ್ಯಾಮೆರಾ ಸುಮ್ನೆ ಓಡುತ್ತಲೇ ಇರುತ್ತದೆ, ಕೆಲವು ನಿಮಿಷಕ್ಕೊಂದು ಫೈಲ್ ಮಾಡುತ್ತದೆ, ಕಾರ್ಡ್ ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಕಾರಿಗೆ ಏನಾದರೂ ಬಡಿದರೆ ಒಳಗಿನ ಸೆನ್ಸರ್ ಆ ಹೊತ್ತಿನ ಫೈಲನ್ನು ಲಾಕ್ ಮಾಡಿಬಿಡುತ್ತದೆ. ಅವರ ಅಂಗೈ ಬಾನೆಟ್ ಮೇಲೆ ಬಿದ್ದಿದ್ದರಿಂದಲೇ ಆ 3 ನಿಮಿಷ ಉಳಿದುಕೊಂಡಿತು. ಬಡಿಯದೆ ಬರೀ ಬೈದು ಹೋಗಿದ್ದರೆ ಅದು ಯಾವಾಗಲೋ ಅಳಿಸಿಹೋಗುತ್ತಿತ್ತು.

ಆ 3 ನಿಮಿಷದ ಮೊದಲಲ್ಲಿ ಏನಿದೆ ಅಂತ ಹೇಳುತ್ತೇನೆ. ಹಿಂದಿನ ಸಿಗ್ನಲ್‌ನಲ್ಲಿ ಹಸಿರು ದೀಪ ಬಿದ್ದಿದೆ. ಮುಂದಿನ ಗಾಡಿಗಳು ಹೋಗಿವೆ. ನನ್ನ ಕಾರು ನಿಂತಲ್ಲೇ ನಿಂತಿದೆ, ಯಾಕೆಂದರೆ ನಾನು ಫೋನ್ ನೋಡುತ್ತಿದ್ದೆ. ಹಿಂದಿನಿಂದ ಹಾರ್ನ್ ಕೇಳಿಸುತ್ತದೆ, ಒಂದು ಸಲ, ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಕಾರಿನೊಳಗೆ ಒಂದು ದನಿ ಕೇಳುತ್ತದೆ, ಅದು ನನ್ನದು: "ಇರು, ಕಾಯಿಸ್ತೀನಿ ನಿನ್ನ." ಅಲ್ಲಿಂದ ಮುಂದಿನ ಸಿಗ್ನಲ್‌ವರೆಗೆ ನಾನು ಬೇಕಂತಲೇ ನಿಧಾನಕ್ಕೆ ಓಡಿಸಿದ್ದೇನೆ. ಅವರು ಪಕ್ಕದಿಂದ ಬರಲು ನೋಡಿದಾಗ ಆ ಕಡೆ ಸರಿದಿದ್ದೇನೆ. ಒಂದು ಕಡೆ ಏನೂ ಅಡ್ಡ ಇಲ್ಲದಿದ್ದರೂ ಬ್ರೇಕ್ ಹಾಕಿದ್ದೇನೆ. ಕ್ಯಾಮೆರಾ ಮುಂದಕ್ಕೆ ಮಾತ್ರ ನೋಡುತ್ತದೆ. ಹಾಗಾಗಿ ಅವರು ಪಟ್ಟ ಪಾಡು ಅದರಲ್ಲಿ ಇಲ್ಲ. ಖಾಲಿ ರಸ್ತೆ ಇದೆ, ನನ್ನ ಮಾತಿದೆ, ಹಿಂದಿನ ಹಾರ್ನ್ ಇದೆ.

ಆಮೇಲೆ ಕೆಂಪು ದೀಪ. ಆಮೇಲೆ ನೀವು ನೋಡಿದ್ದು.

ಮನೆಗೆ ಬಂದಾಗಲೂ ನನ್ನ ಕೈ ನಡುಗುತ್ತಿತ್ತು. ಹೆದರಿದ್ದೆ, ಅದು ಸುಳ್ಳಲ್ಲ. ಒಬ್ಬ ಮನುಷ್ಯ ಕಣ್ಣು ಕೆಂಪು ಮಾಡಿಕೊಂಡು ನಮ್ಮ ಕಾರಿನ ಮೇಲೆ ಬಂದಾಗ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ರಸ್ತೆ ಜಗಳದಲ್ಲಿ ಜೀವವೇ ಹೋದದ್ದಿದೆ. ಅವರು ಇಳಿದು ಬಂದು ಬಡಿದದ್ದು ತಪ್ಪು, ಈಗಲೂ ನನಗೆ ಅದು ತಪ್ಪೇ. ಅದನ್ನು ಅವರೂ ಒಪ್ಪುತ್ತಾರೆ. ಆದರೆ ಆ ರಾತ್ರಿ ಫೈಲನ್ನು ಫೋನಿಗೆ ಹಾಕಿಕೊಂಡು, ಪರದೆಯ ಕೆಳಗಿನ ಪಟ್ಟಿಯ ಎಡಗಡೆ ತುದಿಯನ್ನು ಬೆರಳಿನಿಂದ ಹಿಡಿದು ಬಲಕ್ಕೆ ಎಳೆದೆನಲ್ಲ, ಆ ಕೆಲಸದ ಬಗ್ಗೆ ನಾನು ಬರೆಯಬೇಕು. ನನ್ನ ದನಿ ಇದ್ದ ಜಾಗ ದಾಟಿತು. ಹಾರ್ನ್ ದಾಟಿತು. ಬ್ರೇಕ್ ದಾಟಿತು. ಅವರ ಕಾರಿನ ಬಾಗಿಲು ಬಡಿದ ಸದ್ದು ಬಂದ ಕಡೆ ಬೆರಳು ನಿಲ್ಲಿಸಿದೆ. ಇದನ್ನು ಸುಳ್ಳು ಅಂತ ನಾನು ಆಗ ಅಂದುಕೊಳ್ಳಲೇ ಇಲ್ಲ. "ಮುಖ್ಯವಾದದ್ದು ಮಾತ್ರ ಸಾಕು, ಉದ್ದ ಇದ್ದರೆ ಯಾರು ನೋಡುತ್ತಾರೆ" ಅಂತ ನನಗೆ ನಾನೇ ಹೇಳಿಕೊಂಡೆ. ಮೇಲೆ ಒಂದು ಸಾಲು ಬರೆದೆ: "ಇಂಥವರಿಗೆಲ್ಲ ಲೈಸೆನ್ಸ್ ಕೊಟ್ಟವರು ಯಾರು?"

ಮಲಗುವ ಹೊತ್ತಿಗೆ ಕೆಲವು ನೂರು ಜನ ಹಂಚಿದ್ದರು. ಬೆಳಗಾಗುವಷ್ಟರಲ್ಲಿ ಲೆಕ್ಕ ನನ್ನ ಕೈ ಮೀರಿತ್ತು.

ಮೊದಲ ದಿನ ಎಲ್ಲರಿಗೂ ಸಿಟ್ಟು. "ಇವನನ್ನು ಒಳಗೆ ಹಾಕಿ", "ನಾನಾಗಿದ್ದರೆ ಕಾರು ಹತ್ತಿಸುತ್ತಿದ್ದೆ". ಸಿಟ್ಟಿಗೆ ಕಾಲು ಜಾಸ್ತಿ ಅಂತ ಈಗ ಓದಿ ತಿಳಿದುಕೊಂಡಿದ್ದೇನೆ. ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ಎಂಬ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಲೇಖನಗಳನ್ನು ಹಿಡಿದು, ಜನ ಯಾವುದನ್ನು ಜಾಸ್ತಿ ಹಂಚುತ್ತಾರೆ ಅಂತ ನೋಡಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ಬೆರಗು, ಕೋಪ, ಆತಂಕ ಹುಟ್ಟಿಸುವ ಬರಹಗಳು ಹೆಚ್ಚು ಓಡಿದ್ದವು. ಬರೀ ದುಃಖ ತರುವಂಥವು ಹಿಂದೆ ಬಿದ್ದಿದ್ದವು. ದುಃಖ ಆದವನು ಸುಮ್ಮನೆ ಕೂರುತ್ತಾನೆ, ಕೋಪ ಬಂದವನಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಸಿಗ್ನಲ್‌ನಲ್ಲಿ ಅವರಿಗೂ ಆಗಿದ್ದು ಅದೇ ಅಲ್ವಾ? ಅವರಿಗೆ ಬಾನೆಟ್ ಸಿಕ್ಕಿತು. ನೋಡಿದವರಿಗೆ ಶೇರ್ ಬಟನ್ ಸಿಕ್ಕಿತು.

ಎರಡನೇ ದಿನ ಸಂಜೆ ಹೊತ್ತಿಗೆ ಸಿಟ್ಟು ತಣ್ಣಗಾಗುತ್ತಾ ಬಂತು. ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಯಾರೋ 19 ಸೆಕೆಂಡನ್ನು 4 ಸೆಕೆಂಡ್ ಮಾಡಿದರು. ಬಾನೆಟ್ ಹೋಯಿತು, ಸಿಗ್ನಲ್ ಹೋಯಿತು, ನನ್ನ ಕಾರೇ ಹೋಯಿತು. ಉಳಿದದ್ದು ಅವರ ಮುಖ, ಎತ್ತಿದ ಬೆರಳು, ಗಂಟಲು ಒಡೆದ ಆ ಪದ. ಇನ್ನೊಬ್ಬರು ಅದಕ್ಕೆ ಬೀಟ್ ಕೂರಿಸಿದರು. ಮೂರನೆಯವರು ಮುಖವನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿದರು. ನಾಲ್ಕನೇ ದಿನಕ್ಕೆ ಆ ಮುಖದ ಪಕ್ಕ ಪರೀಕ್ಷೆಯ ಫಲಿತಾಂಶ, ರಜೆ ಕೊಡದ ಬಾಸ್, ಕ್ಯಾಚ್ ಬಿಟ್ಟ ಫೀಲ್ಡರ್, ಎಲ್ಲ ಬಂದವು. ಅವರು ಯಾರ ಮೇಲೆ, ಯಾಕೆ ಕೂಗಿದರು ಎಂಬುದು ಯಾರಿಗೂ ಬೇಡವಾಯಿತು.

ಮೀಮ್ ಎಂಬ ಪದವನ್ನು 1976ರಲ್ಲಿ ಹುಟ್ಟಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ಅನುಕರಣೆ ಎಂಬ ಅರ್ಥದ ಒಂದು ಗ್ರೀಕ್ ಪದದಿಂದ ಅದನ್ನು ಮಾಡಿಕೊಂಡರು. ತಲೆಯಿಂದ ತಲೆಗೆ ನಕಲಾಗುತ್ತಾ ಹೋಗುವ ರಾಗ, ಮಾತು, ಫ್ಯಾಷನ್, ಹೀಗೆ ಯಾವುದಕ್ಕೆ ಬೇಕಾದರೂ ಅವರು ಆ ಹೆಸರಿಟ್ಟಿದ್ದರು. ಇಂಟರ್ನೆಟ್ ಆಗ ಇರಲಿಲ್ಲ. ಆದರೆ ಲೆಕ್ಕ ಒಂದೇ: ಸುಲಭವಾಗಿ ನಕಲಾಗುವುದು ಉಳಿಯುತ್ತದೆ, ನಕಲು ಮಾಡಲು ಕಷ್ಟವಾದದ್ದು ಉದುರುತ್ತದೆ. ರಸ್ತೆ ಜಗಳದ ವಿಡಿಯೊದಲ್ಲಿ ಮೊದಲು ಉದುರುವುದು ಕಾರಣ. ಆಮೇಲೆ ಎದುರಿಗಿದ್ದ ಇನ್ನೊಬ್ಬ ವ್ಯಕ್ತಿ. ಅಂದರೆ ನಾನು. ನನಗೆ ಇದರಿಂದ ಎಷ್ಟು ಅನುಕೂಲವಾಯಿತು ಅಂತ ಯೋಚಿಸಿ. ಇಡೀ ಜಗಳದಲ್ಲಿ ಅರ್ಧ ಪಾಲು ನನ್ನದು, ನನ್ನ ಮುಖ ಯಾರಿಗೂ ಗೊತ್ತಿಲ್ಲ.

2015ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಆಗಿತ್ತು. ದ್ವಿಚಕ್ರ ಸವಾರನ ಹೆಲ್ಮೆಟ್ ಕ್ಯಾಮೆರಾದ ಮುಂದೆ ಒಬ್ಬ ಕಾರಿನವರು "ನಾನು ಯಾರು ಗೊತ್ತಾ" ಎಂಬಂತೆ ತಮ್ಮ ಹೆಸರನ್ನೇ ಕೂಗಿ ಹೇಳುತ್ತಾರೆ. ಸವಾರ "ಯಾರು?" ಅಂತ ಕೇಳುತ್ತಾನೆ. ಅಷ್ಟೇ. ಆ ಹೆಸರೇ ದೇಶ ತುಂಬಾ ನಗೆಮಾತಾಯಿತು. ಆ ವಿಡಿಯೊ ಬಂದಾಗ ನಾನೂ ನಕ್ಕಿದ್ದೆ. ಎರಡು ಮೂರು ಜನಕ್ಕೆ ಕಳಿಸಿಯೂ ಇದ್ದೆ. ಜಗಳ ಯಾವುದಕ್ಕೆ ಶುರುವಾಯಿತು ಅಂತ ಒಂದು ಸಲವೂ ನನ್ನ ತಲೆಗೆ ಬರಲಿಲ್ಲ. ಈಗ ಬರುತ್ತದೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂತ ಗಾದೆ ಇದೆ. ಆಡಿದ್ದು ಹೋದರೆ ಪರವಾಗಿಲ್ಲ. ಅವರ ಮಾತು ಹೋಗಲೇ ಇಲ್ಲ.

ಐದನೇ ದಿನವೋ ಆರನೇ ದಿನವೋ ಸ್ಲೋ ಮೋಷನ್ ಬಂತು. ಕೈ ಮೇಲೇಳುವುದು, ಕೆನ್ನೆ ಅದುರುವುದು, ಬಾಯಿ ತೆರೆಯುವುದು, ಎಲ್ಲ ನಿಧಾನಕ್ಕೆ. ಕೆಳಗೆ ಒಬ್ಬರು ಬರೆದಿದ್ದರು: "ನೋಡಿ, ಎಷ್ಟು ಲೆಕ್ಕ ಹಾಕಿ ಹೊಡೆಯುತ್ತಾನೆ, ಇದು ಸಿಟ್ಟಲ್ಲ, ಇದು ಕ್ರೂರತನ." ಅದನ್ನು ನೋಡಿ ನನಗೇ ಹಾಗೆ ಅನ್ನಿಸಿತು. ನಾನು ಎದುರಿಗೇ ಇದ್ದವನು, ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದದ್ದು ಅಂತ ಗೊತ್ತಿದ್ದವನು, ಆದರೂ ಅನ್ನಿಸಿತು. ಇದು ನಮ್ಮ ಕಣ್ಣಿನ ದೋಷ ಅಂತ 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಒಂದೇ ಘಟನೆಯನ್ನು ಕೆಲವರಿಗೆ ಮಾಮೂಲಿ ವೇಗದಲ್ಲಿ, ಕೆಲವರಿಗೆ ನಿಧಾನಕ್ಕೆ ತೋರಿಸಿದರು. ನಿಧಾನಕ್ಕೆ ನೋಡಿದವರಲ್ಲಿ "ಬೇಕಂತಲೇ ಮಾಡಿದ್ದು" ಅಂದವರು ಜಾಸ್ತಿ. ಯೋಚಿಸಲು ಅವನಿಗೆ ಅಷ್ಟು ಹೊತ್ತು ಇತ್ತಲ್ಲ ಅಂತ ನೋಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಎಷ್ಟು ಸೆಕೆಂಡ್ ಕಳೆಯಿತು ಅಂತ ಪರದೆಯ ಮೇಲೆ ತೋರಿಸಿದರೂ ಆ ಅನಿಸಿಕೆ ಪೂರ್ತಿ ಹೋಗಲಿಲ್ಲವಂತೆ.

ಹುಡುಕಾಟದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ.

ಅವರ ಕಾರು ನನ್ನ ಹಿಂದೆ ಇದ್ದದ್ದರಿಂದ ನಂಬರ್ ಪ್ಲೇಟ್ ವಿಡಿಯೊದಲ್ಲಿ ಇರಲಿಲ್ಲ. ಆದರೆ ಅವರ ಕೊರಳಲ್ಲಿ ಐಡಿ ಕಾರ್ಡಿನ ದಾರ ಇತ್ತು. ಯಾರೋ ಆ ದಾರದ ಬಣ್ಣ ನೋಡಿ ಕಂಪನಿ ಯಾವುದು ಅಂತ ಊಹಿಸಿದರು. ಊಹೆ ಸರಿಯಿತ್ತು. ಆ ಕಂಪನಿಯ ಪುಟದಲ್ಲಿದ್ದ ಗುಂಪು ಫೋಟೊ ತೆಗೆದು, ಅದೇ ವಯಸ್ಸಿನ, ಅದೇ ಥರ ಮೀಸೆಯ ಒಬ್ಬರ ಮುಖಕ್ಕೆ ಕೆಂಪು ಸುತ್ತು ಹಾಕಿದರು. ಅದು ಅವರಲ್ಲ. ಆ ಮನುಷ್ಯ ಆ ದಿನ ಊರಲ್ಲೇ ಇರಲಿಲ್ಲ. ಒಂದೂವರೆ ದಿನ ಅವರ ಫೋನಿಗೆ ಬೈಗುಳ ಬಂದಿವೆ. ನಾನು "ಇವರಲ್ಲ, ಬಿಡಿ" ಅಂತ ಬರೆದೆ. ಅದನ್ನು ಹಂಚಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಸೈಕಲ್ ದಾರಿಯಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಒಬ್ಬ ಸೈಕಲ್ ಸವಾರ ಎರಗಿದ ವಿಡಿಯೊ ಹರಡಿತು. ಪೊಲೀಸರು ಮೊದಲು ಕೊಟ್ಟ ತಾರೀಖು ಒಂದು ದಿನ ತಪ್ಪಿತ್ತು. ಆ ತಪ್ಪು ತಾರೀಖಿನಂದು ಅದೇ ದಾರಿಯಲ್ಲಿ ಸೈಕಲ್ ಓಡಿಸಿದ್ದ ಇನ್ನೊಬ್ಬರ ಹೆಸರು ಫಿಟ್‌ನೆಸ್ ಆ್ಯಪ್‌ನಲ್ಲಿ ಜನರಿಗೆ ಸಿಕ್ಕಿತು. ಸಾಕಾಯಿತು. ಅವರ ಮನೆ ವಿಳಾಸವನ್ನೂ ಇಂಟರ್ನೆಟ್‌ಗೆ ಹಾಕಿದರು. ಪೊಲೀಸರು ತಾರೀಖು ತಿದ್ದಿದರು, ಆಮೇಲೆ ಬೇರೆಯವನನ್ನು ಹಿಡಿದರು. ಆದರೆ ತಪ್ಪು ಸುದ್ದಿ ಓಡಿದಷ್ಟು ದೂರ ತಿದ್ದುಪಡಿ ಓಡಲಿಲ್ಲ.

ಹನ್ನೊಂದನೇ ದಿನ ನನಗೊಂದು ಮೆಸೇಜ್ ಬಂತು. "ಸರ್, ಅದು ನಮ್ಮಪ್ಪ. ದಯವಿಟ್ಟು ತೆಗೀತೀರಾ?" ಅಷ್ಟೇ ಇತ್ತು. ಬೈಗುಳ ಇರಲಿಲ್ಲ, ಬೆದರಿಕೆ ಇರಲಿಲ್ಲ. ನಾನು ಆ ನಿಮಿಷವೇ ಅಳಿಸಿದೆ. "ತೆಗೆದಿದ್ದೇನೆ" ಅಂತ ಉತ್ತರ ಬರೆದೆ. ಆ ಹುಡುಗಿ ಹನ್ನೆರಡು ಲಿಂಕ್ ಕಳಿಸಿದಳು. ಒಂದೂ ನನ್ನದಲ್ಲ. ಯಾವುದನ್ನೂ ತೆಗೆಯಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಒಂದೊಂದಕ್ಕೂ ರಿಪೋರ್ಟ್ ಹಾಕುತ್ತಾ ಕೂತೆ. ಹೆಚ್ಚಿನವಕ್ಕೆ ಒಂದೇ ಉತ್ತರ: ನಮ್ಮ ನಿಯಮಗಳಿಗೆ ಇದು ವಿರುದ್ಧವಾಗಿಲ್ಲ. ಒಂದೇ ಒಂದು ಪ್ರತಿ ತಾನಾಗಿ ಮಾಯವಾಯಿತು. ಯಾಕೆ ಗೊತ್ತಾ? ಅದರ ಹಿಂದೆ ಯಾರೋ ಹಾಕಿದ್ದ ಸಿನಿಮಾ ಹಾಡಿನ ಹಕ್ಕು ಬೇರೊಂದು ಕಂಪನಿಯದಾಗಿತ್ತು.

ವಿಡಿಯೊ ಆ್ಯಪ್ ನಡೆಸುವವರೇ, ನಿಮಗೆ ಇಲ್ಲೇ ಒಂದು ಮಾತು. ಯೂಟ್ಯೂಬ್ 2007ರಿಂದಲೇ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇಟ್ಟುಕೊಂಡಿದೆ. ಹಾಡಿನ ತುಣುಕು ಸಿಕ್ಕಿದರೆ ಯಂತ್ರವೇ ಗುರುತು ಹಿಡಿಯುತ್ತದೆ, ಹಕ್ಕುದಾರರು ತಡೆಯಬಹುದು ಅಥವಾ ಅದರ ದುಡ್ಡು ತಾವು ತೆಗೆದುಕೊಳ್ಳಬಹುದು. ಅಂದರೆ ಒಂದು ತುಣುಕು ಎಲ್ಲೆಲ್ಲಿ ಮರಿ ಹಾಕಿದೆ ಅಂತ ಹುಡುಕುವ ವಿದ್ಯೆ ನಿಮಗೆ ಹೊಸದಲ್ಲ. ಹಾಡಿಗೆ ಮಾಡುವ ಕೆಲಸವನ್ನು ಮನುಷ್ಯನಿಗೂ ಮಾಡಿ. ಮೂಲ ವಿಡಿಯೊ ಹಾಕಿದವನು "ನಾನೇ ಹಾಕಿದ್ದು, ವಾಪಸ್ ತೆಗೆದುಕೊಳ್ಳುತ್ತಿದ್ದೇನೆ" ಅಂತ ಕೇಳಿದರೆ, ನಕಲುಗಳನ್ನೂ ಹುಡುಕಿ ಹರಡದಂತೆ ನಿಲ್ಲಿಸಿ. ಯಾವ ಅಧಿಕಾರದಲ್ಲೂ ಇಲ್ಲದ, ಸುದ್ದಿಯೂ ಅಲ್ಲದ ಸಾಮಾನ್ಯ ಮನುಷ್ಯನ ಮುಖ ಟೆಂಪ್ಲೇಟ್, ಅಂದರೆ ಎಲ್ಲರ ಮೀಮ್‌ಗೂ ಅಚ್ಚು, ಆಗಿದ್ದರೆ, ಅವರೇ ಬಂದು ದೂರು ಕೊಟ್ಟಾಗಲಾದರೂ ಒಬ್ಬ ಮನುಷ್ಯ ಕೂತು ಅದನ್ನು ಓದಲಿ.

ಇದರಿಂದ ನಿಮ್ಮ ವ್ಯಾಪಾರ ಬೀಳುತ್ತದೆ ಅಂತ ಹೇಳಬೇಡಿ. ಫೇಸ್‌ಬುಕ್ 2017ರಲ್ಲಿ ಒಂದು ಲೈಕಿಗೆ ಒಂದು ಅಂಕ ಇದ್ದರೆ ಕೋಪದ ಮುಖಕ್ಕೆ ಐದು ಅಂಕ ಕೊಡುತ್ತಿತ್ತು ಅಂತ 2021ರಲ್ಲಿ ಹೊರಬಂದ ಆ ಕಂಪನಿಯದೇ ದಾಖಲೆಗಳಲ್ಲಿದೆ. ಜನ ಸಿಟ್ಟಾದಷ್ಟೂ ಆ ಪೋಸ್ಟ್ ಮೇಲೆ ಬರುತ್ತಿತ್ತು. ಕಡಿಮೆ ಮಾಡುತ್ತಾ ಮಾಡುತ್ತಾ 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಸೊನ್ನೆಗೆ ಇಳಿಸಿದರು. ಜನ ಆ್ಯಪ್ ಬಿಟ್ಟು ಓಡಿಹೋಗಲಿಲ್ಲ, ಬಳಕೆ ಹಾಗೇ ಇತ್ತು. ಅದೇ 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ವಾಟ್ಸ್ಆ್ಯಪ್ ಮಿತಿ ಹಾಕಿತು. ಅಂಥ ಫಾರ್ವರ್ಡ್‌ಗಳು ಶೇ 70ರಷ್ಟು ಇಳಿದವು ಅಂತ ಆ ಕಂಪನಿಯೇ ಹೇಳಿತು. ನೀವು ಕೈ ಹಾಕಿದರೆ ಆಗುತ್ತದೆ. ಆಗಿದೆ.

ಅವರನ್ನು ನಾನು ಭೇಟಿಯಾದೆ. ಮಗಳ ಮೂಲಕ ಕೇಳಿಕೊಂಡೆ, ಮೊದಲು ಬೇಡ ಅಂದರು, ಎರಡು ವಾರದ ನಂತರ ಬನ್ನಿ ಅಂದರು.

ಈಗ ನೀವೇನು ಕಾಯುತ್ತಿದ್ದೀರಿ ಅಂತ ನನಗೆ ಗೊತ್ತು. ಆ ದಿನ ಅವರ ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ, ಆಸ್ಪತ್ರೆಗೆ ಓಡುತ್ತಿದ್ದರು, ಹಾಗಾಗಿ ಸಿಟ್ಟು ಬಂತು, ಪಾಪ, ಅಂತ. ನಾನೂ ಅದನ್ನೇ ಕೇಳಿದೆ. "ಅಂಥದ್ದೇನೂ ಇರಲಿಲ್ಲ" ಅಂದರು. "ಕೆಲಸಕ್ಕೆ ಹತ್ತು ನಿಮಿಷ ತಡ ಆಗಿತ್ತು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ. ನೀವು ಬೇಕಂತಲೇ ಅಡ್ಡ ಬರ್ತಿದ್ದೀರಿ ಅಂತ ಗೊತ್ತಾಯ್ತು. ತಲೆ ಕೆಟ್ಟಿತು. ಇಳಿದುಬಿಟ್ಟೆ." ಅಷ್ಟೇ. ದೊಡ್ಡ ಕಾರಣ ಇಲ್ಲ. ನಮ್ಮ ನಿಮ್ಮೆಲ್ಲರಿಗೂ ಸಿಟ್ಟು ಬರುವ ಹಾಗೆ ಅವರಿಗೂ ಬಂತು, ಒಂದು ಹೆಜ್ಜೆ ಮೀರಿತು. ಅವರಿಗೆ ಒಳ್ಳೆಯ ಕಾರಣ ಇದ್ದಿದ್ದರೆ ಮಾತ್ರ ನಾವು ಅವರನ್ನು ಬಿಡಬೇಕಾ? ಕಾರಣ ಇಲ್ಲದೆ ಒಂದು ದಿನ ತಲೆ ಕೆಟ್ಟವರಿಗೆ ಇಡೀ ಊರು ಸೇರಿ ಹೊಡೆಯಬಹುದಾ?

ಅವರು ಇನ್ನೊಂದು ಮಾತು ಹೇಳಿದರು. ಕಚೇರಿಯಲ್ಲಿ ಕುರ್ಚಿಯಿಂದ ಎದ್ದರೆ ಸಾಕು, ಯಾರೋ ಒಬ್ಬರು ಮೆಲ್ಲಗೆ ಆ ಪದ ಹೇಳುತ್ತಾರಂತೆ. ಗಂಟಲು ಒಡೆದ ಹಾಗೆಯೇ. ಮೊದಲ ವಾರ ಇವರೂ ನಕ್ಕರಂತೆ, ನಕ್ಕರೆ ಬೇಗ ಮುಗಿಯುತ್ತದೆ ಅಂತ. ಮುಗಿಯಲಿಲ್ಲ. ಈಗ ನೀರು ಕುಡಿಯಲು ಏಳುವುದನ್ನು ಬಿಟ್ಟಿದ್ದಾರೆ. ಬೆಳಗ್ಗೆ ಎರಡು ಬಾಟಲಿ ತುಂಬಿಸಿ ಮೇಜಿನ ಕೆಳಗೆ, ಕಾಲ ಹತ್ರ ಇಟ್ಟುಕೊಳ್ಳುತ್ತಾರೆ. ಹೇಳುವವರು ಕೆಟ್ಟವರಲ್ಲ ಅಂತ ಅವರೇ ಹೇಳಿದರು. ಇವರ ಮದುವೆಗೆ ಬಂದವರು, ಕಷ್ಟಕ್ಕೆ ಆದವರು. ತಮಾಷೆ ಅಂತಲೇ ಹೇಳುತ್ತಾರೆ. ದಿನಕ್ಕೆ ಒಬ್ಬೊಬ್ಬರು ಒಂದೊಂದೇ ಸಲ ಹೇಳುತ್ತಾರೆ. ಇವರು ದಿನಕ್ಕೆ ಹತ್ತು ಹದಿನೈದು ಸಲ ಕೇಳಿಸಿಕೊಳ್ಳುತ್ತಾರೆ.

ಆ ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ. ಕಳಿಸಿದ ಪ್ರತಿಯೊಬ್ಬರೂ ಒಂದೇ ಸಲ ಕಳಿಸಿದ್ದೀರಿ. ಒಂದು ನಗುವ ಎಮೋಜಿ, ಒಂದು ಸ್ಟಿಕ್ಕರ್. ಯಾರೂ ದೊಡ್ಡ ತಪ್ಪು ಮಾಡಿಲ್ಲ. ಒಬ್ಬೊಬ್ಬರ ಪಾಲು ತೀರಾ ಸಣ್ಣದು, ಆದ್ದರಿಂದ ಯಾರಿಗೂ ಅದು ತಮ್ಮದು ಅಂತ ಅನ್ನಿಸುವುದಿಲ್ಲ. ಎಲ್ಲ ಸೇರಿ ಹೋಗಿ ಬಿದ್ದದ್ದು ಒಬ್ಬರ ಮೇಲೆ.

ಅವರು ನನ್ನ ಮುಖವನ್ನೂ ಆ ದಿನ ಸರಿಯಾಗಿ ನೋಡಿರಲಿಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದಿತ್ತಂತೆ. "ನಿಮ್ಮ ಮುಖ ಕಂಡಿದ್ದರೆ ಪ್ರಾಯಶಃ ಅಷ್ಟು ಕೂಗ್ತಿರಲಿಲ್ಲ" ಅಂದರು. ನಾನೂ ಅವರ ಮುಖ ನೋಡಿರಲಿಲ್ಲ, ಕಾಯಿಸುತ್ತೇನೆ ಅಂದಾಗ ನನಗೆ ಕಂಡದ್ದು ಕನ್ನಡಿಯಲ್ಲಿ ಒಂದು ಕಾರು. 1995ರಲ್ಲಿ ಅಮೆರಿಕದ ಒಂದು ಪ್ರಯೋಗ ಪ್ರಕಟವಾಯಿತು. ಹಸಿರು ದೀಪ ಬಿದ್ದರೂ ಒಂದು ಕಾರು ಬೇಕಂತಲೇ 12 ಸೆಕೆಂಡ್ ಕದಲದೆ ನಿಲ್ಲುತ್ತದೆ. ಹಿಂದೆ ಇದ್ದವರು, ಮೇಲಿನ ಹೊದಿಕೆ ತೆಗೆಯಲು ಬರುವ ಗಾಡಿಗಳವರು. ಹೊದಿಕೆ ಮುಚ್ಚಿಕೊಂಡು ಒಳಗೆ ಕೂತಿದ್ದವರು ಬೇಗ ಹಾರ್ನ್ ಹೊಡೆದರು, ಜಾಸ್ತಿ ಹೊತ್ತು ಹೊಡೆದರು, ಜಾಸ್ತಿ ಸಲ ಹೊಡೆದರು. ಹೊದಿಕೆ ತೆಗೆದು, ನಾಲ್ಕು ಜನಕ್ಕೆ ಕಾಣುವಂತೆ ಕೂತಿದ್ದವರು ಸ್ವಲ್ಪ ತಡೆದುಕೊಂಡರು. ಇದನ್ನು ಓದಿದಾಗ ನನಗೆ ರಸ್ತೆಗಿಂತ ಜಾಸ್ತಿ ನೆನಪಾದದ್ದು ಆ ವಿಡಿಯೊ ಕೆಳಗಿನ ಕಾಮೆಂಟ್‌ಗಳು. ಫೋನಿನ ಹಿಂದೆ ಕೂತ ನಮಗೆಲ್ಲ ಹೊದಿಕೆ ಮುಚ್ಚಿಯೇ ಇರುತ್ತದೆ.

ಮೀಮ್ ಪೇಜ್ ನಡೆಸುವ ಗೆಳೆಯರೇ, ನಿಮ್ಮ ಕೆಲಸದ ಮೇಲೆ ನನಗೆ ಕೋಪ ಇಲ್ಲ. ಅಧಿಕಾರದಲ್ಲಿ ಇರುವವರನ್ನು ನೀವು ಎರಡು ಸಾಲಿನಲ್ಲಿ ಹಿಡಿದು ನಿಲ್ಲಿಸುತ್ತೀರಿ, ಅದು ಬೇಕು. ದಿನವಿಡೀ ದುಡಿದು ಬಂದವರನ್ನು ನಗಿಸುತ್ತೀರಿ, ಅದೂ ಬೇಕು. ನಾನು ಕೇಳುವುದು ಇಷ್ಟು. ರಸ್ತೆಯಲ್ಲಿ, ಅಂಗಡಿಯಲ್ಲಿ, ಸಾಲಿನಲ್ಲಿ ನಿಂತಾಗ ತಲೆ ಕೆಟ್ಟು ಕೂಗಿದ ಸಾಮಾನ್ಯ ಮನುಷ್ಯನ ಮುಖ ಸಿಕ್ಕಿದಾಗ ಕೈ ತಡೆಯಿರಿ. ತಮಾಷೆ ಆ ಸಂದರ್ಭದಲ್ಲಿ ಇದ್ದರೆ ಚಿತ್ರ ಬಿಡಿಸಿ, ನೀವೇ ನಟಿಸಿ, ನಿಮ್ಮದೇ ದನಿಯಲ್ಲಿ ಕೂಗಿ. ಅದಕ್ಕೂ ಜನ ನಗುತ್ತಾರೆ. ಆ ಮುಖವೇ ಬೇಕು ಅಂದರೆ, ನಗು ಬರುತ್ತಿರುವುದು ಯಾವುದಕ್ಕೆ ಅಂತ ಒಂದು ಸಲ ನೋಡಿ. ಅವರ ಮಗಳು ಕೆಲವು ಪೇಜ್‌ಗಳಿಗೆ ಬರೆದಿದ್ದಳು. ಇಬ್ಬರು ತಕ್ಷಣ ತೆಗೆದರು, ಒಬ್ಬರು ಕ್ಷಮೆಯನ್ನೂ ಕೇಳಿದರು. ಆ ಇಬ್ಬರಿಗೆ ನನ್ನ ನಮಸ್ಕಾರ. ಒಬ್ಬರು ಅವಳ ಮೆಸೇಜನ್ನೇ ಸ್ಕ್ರೀನ್‌ಶಾಟ್ ತೆಗೆದು ಹೊಸ ಮೀಮ್ ಮಾಡಿದರು. ಅವರಿಗೆ ಏನು ಹೇಳಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ.

ಕಾರಿನಲ್ಲಿ, ಹೆಲ್ಮೆಟ್‌ನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಹೇಳುವುದು: ಕ್ಯಾಮೆರಾ ತೆಗೆಯಬೇಡಿ. ಅಪಘಾತವಾದಾಗ ಯಾರ ತಪ್ಪು ಅಂತ ತೋರಿಸಲು ಅದು ಬೇಕು. ರಷ್ಯಾದಲ್ಲಿ ವಿಮೆ ಮೋಸದ ಕಾಟಕ್ಕೆ ಜನ ಕಾರುಗಳಲ್ಲಿ ಕ್ಯಾಮೆರಾ ಕೂರಿಸಿಕೊಂಡಿದ್ದರು. 2013ರ ಫೆಬ್ರವರಿಯಲ್ಲಿ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ ಅದನ್ನು ಸೆರೆಹಿಡಿದದ್ದೂ ಆ ಕ್ಯಾಮೆರಾಗಳೇ. ವಿಜ್ಞಾನಿಗಳಿಗೆ ಅದರ ದಾರಿ ಲೆಕ್ಕ ಹಾಕಲು ಅವು ಸಹಾಯಕ್ಕೆ ಬಂದವು. ಕ್ಯಾಮೆರಾ ಒಳ್ಳೆಯ ಸಾಕ್ಷಿ, ಪೂರ್ತಿ ಮಾತಾಡಲು ಬಿಟ್ಟರೆ. ನಿಮ್ಮ ಮೇಲೆ ಯಾರಾದರೂ ಕೈ ಮಾಡಿದರೆ ಇಡೀ ಫೈಲನ್ನು ಪೊಲೀಸರಿಗೆ ಕೊಡಿ. ನಿಮ್ಮ ದನಿ ಇರುವ ಭಾಗವನ್ನೂ ಸೇರಿಸಿ ಕೊಡಿ. ಪೊಲೀಸರು ಎರಡೂ ಕಡೆಯವರನ್ನು ಕೇಳುತ್ತಾರೆ, ದಂಡವೋ ಕೇಸೋ ಹಾಕುತ್ತಾರೆ, ಅದಕ್ಕೊಂದು ಕೊನೆ ಇರುತ್ತದೆ. ನಾನು ಪೊಲೀಸರ ಹತ್ರ ಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ ಅಂತ ಈಗ ನನಗೆ ಸ್ಪಷ್ಟವಾಗಿ ಗೊತ್ತು. ಅಲ್ಲಿ 3 ನಿಮಿಷವೂ ಕೊಡಬೇಕಾಗುತ್ತಿತ್ತು.

ಆ ಪೂರ್ತಿ ಫೈಲನ್ನು, ಅವರ ಮುಖ ಮಸುಕು ಮಾಡಿ, ನನ್ನ ಮಾತು ಹಾಗೇ ಇಟ್ಟು ಹಾಕುತ್ತೇನೆ ಅಂತ ಅವರ ಹತ್ರ ಕೇಳಿದೆ. ಬೇಡ ಅಂದರು. "ಮತ್ತೆ ಶುರುವಾಗುತ್ತೆ. ಈ ಸಲ ನಿಮ್ಮನ್ನು ಹಿಡ್ಕೋತಾರೆ. ಅದೂ ನಂಗೆ ಬೇಡ" ಅಂದರು. ಬರೆಯಬಹುದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಬರೆಯಿರಿ, ಆದರೆ ಆ ಪದ ಮಾತ್ರ ಬೇಡ ಅಂದರು. ಪತ್ರವನ್ನು ಕಳಿಸುವ ಮೊದಲು ಅವರ ಮಗಳಿಗೆ ಓದಲು ಕೊಟ್ಟಿದ್ದೆ. ಬಾಟಲಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲವಂತೆ.

ಆ ಸ್ಟಿಕ್ಕರ್ ನಿಮ್ಮ ಫೋನಿನಲ್ಲಿ ಇದ್ದರೆ ಇವತ್ತೇ ಅಳಿಸಿ. ಸ್ಟಿಕ್ಕರ್ ಪಟ್ಟಿ ತೆರೆದು, ಅದರ ಮೇಲೆ ಬೆರಳು ಒತ್ತಿ ಹಿಡಿದರೆ ತೆಗೆಯುವ ಆಯ್ಕೆ ಬರುತ್ತದೆ. ನನ್ನ ಫೋನಿನಲ್ಲೂ ಒಂದು ಇತ್ತು. ನಾಲ್ಕನೇ ದಿನ ಯಾರೋ ಕಳಿಸಿದ್ದನ್ನು ನಾನೇ ಉಳಿಸಿಕೊಂಡಿದ್ದೆ.

ಇಂತಿ,
ಆ ವಿಡಿಯೊ ಹಾಕಿದವನು